ಪದಗಳು: ನಾಲ್ಕು

ನಮ್ಮ ಸರ್ ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು ಮೊದಲು ತಮ್ಮ ವಿವರ ಒಪ್ಪಿಸುತ್ತಿದ್ದರು. “ಟಿ.ಬಿ. ಡ್ಯಾಂನಿಂದ ಬಂದೀನ್ರಿ. ಕಿವಿ ಮಂದ ಅದಾವು, ಜೋರ ಮಾತಾಡ್ರಿ. ಚಾ ನಡೀತತಿ, ಸಕ್ಕರಿ ಬ್ಯಾಡ. ಮಂಡಕ್ಕಿ ವಗ್ಗರಣಿ ಇದ್ರ ಭಾಳ ಚಲೋ, ಇಲ್ಲಂದ್ರ ಬರೇ ಚಾ ಸಾಕು.” ಇಷ್ಟು ಹೇಳಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ಬಂದ ಕೆಲಸದ ಮಾತು ತೆಗೆಯುತ್ತಿದ್ದರು.

ಗೊತ್ತಿಲ್ಲದವರು ಇದನ್ನು ಹುಚ್ಚು ಎನ್ನುತ್ತಿದ್ದರು, ಗೊತ್ತಿದ್ದವರು ತಮಾಷೆ ಎನ್ನುತ್ತಿದ್ದರು. ಎರಡೂ ಅಲ್ಲ. ಕಂಪ್ಯೂಟರಿನ ಬ್ರೌಸರ್ ದೂರದ ಸರ್ವರಿನ ಬಾಗಿಲು ತಟ್ಟುವಾಗ ಮಾಡುವುದೂ ಇದನ್ನೇ. ಯಾರ ಮನೆ ಹುಡುಕಿ ಬಂದೆ, ನಾನು ಯಾರು, ಯಾವ ಭಾಷೆ ಬಲ್ಲೆ, ಏನು ಕೊಟ್ಟರೆ ನನ್ನಿಂದ ಓದಲಾಗುತ್ತದೆ ಎಂದು ಸಾಲು ಸಾಲಾಗಿ ಹೇಳುತ್ತದೆ. ಕೊನೆಗೆ ಒಂದು ಖಾಲಿ ಸಾಲು ಬಿಡುತ್ತದೆ. ‘ನನ್ನದು ಮುಗಿಯಿತು, ಇನ್ನು ನೀನು ಹೇಳು’ ಎಂದು ಅದರ ಅರ್ಥ. ಆ ಸಾಲುಗಳಿಗೆ ಹೆಡರ್ ಎನ್ನುತ್ತಾರೆ. ಸರ್ ಅದನ್ನು ‘ತಲಿ’ ಎನ್ನುತ್ತಿದ್ದರು. ಕೆಳಗೆ ಬರುವ ಸುದ್ದಿ ‘ಒಡಲು’. ಪರದೆಯ ಮೇಲೆ ನಮಗೆ ಕಾಣುವುದು ಒಡಲು ಮಾತ್ರ. ತಲೆಗಳು ನಮ್ಮ ಕಣ್ಣಿಗೆ ಬೀಳದೆ ಹೋಗಿ ಬರುತ್ತಿರುತ್ತವೆ. ಸರ್ ಇಡೀ ಆಯುಷ್ಯ ಆ ಕಾಣದ ತಲೆಗಳ ಕಡೆಯೇ ಇದ್ದ ಮನುಷ್ಯ.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ನನಗೆ ಮೂರು ದಿನ ತಡವಾಗಿ ಮುಟ್ಟಿತು. ಮುಖ ನೋಡಲಿಲ್ಲ, ಮಣ್ಣಿಗೆ ಹೋಗಲಿಲ್ಲ. ಅವರ ವಿಷಯದಲ್ಲಿ ತಡಮಾಡುವುದು ನನಗೆ ಹೊಸದಲ್ಲ ಎಂದು ಅಂದುಕೊಂಡು ಅವತ್ತು ಒಬ್ಬಳೇ ಅತ್ತೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹೊಸಪೇಟೆಯಲ್ಲಿ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಸೆಂಟರ್ ಇತ್ತು. ಮೆಟ್ಟಿಲು ಹತ್ತುವವರೆಗೂ ಯೂರಿಯಾದ ವಾಸನೆ, ಹತ್ತಿದ ಮೇಲೆ ಊದುಬತ್ತಿ. ಮಾಲೀಕರು ಕಂಪ್ಲಿ ಕಡೆಯ ರೈಸ್‌ಮಿಲ್ಲಿನವರು. ನಾನೂ ಕಂಪ್ಲಿಯವಳೇ. ಟೈಪಿಂಗ್ ಕಲಿಸುತ್ತಿದ್ದೆ, ಜೊತೆಗೆ ಅಡ್ಮಿಷನ್ನು, ಹಾಜರಿ, ಜನರೇಟರಿಗೆ ಡೀಸೆಲ್ಲು, ಎಲ್ಲವೂ ನನ್ನ ತಲೆಗೇ. ಸರ್ ಬಂದಿದ್ದು ಇಂಟರ್‌ನೆಟ್ ಕಲಿಸಲಿಕ್ಕೆ. ಇಂಟರ್‌ನೆಟ್ ಮಾತ್ರ ಇನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಮಾಲೀಕರಿಗೆ ಹೇಳಿಯೂ ಹೇಳಿದ್ದೆ.

ಸರ್ ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ತುಂಗಭದ್ರಾ ಕಾಲುವೆಯ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಬೆಳಿಗ್ಗೆ ಆರಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿ ಕೂತರೆ, ಕಾಲುವೆಯುದ್ದಕ್ಕೂ ಎಲ್ಲೆಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದನ್ನು ಬರೆದುಕೊಂಡು ಡ್ಯಾಂನ ಆಫೀಸಿಗೆ ಮುಟ್ಟಿಸುವ ಕೆಲಸ. ಆ ಕರಕರ ಸದ್ದಿಗೆ ಕಿವಿ ಎರಡೂ ಹೋದವು. ಮೊದಲೇ ನಿವೃತ್ತಿ ತಗೊಂಡು, ಪುಸ್ತಕ ತರಿಸಿಕೊಂಡು, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. “ಹೊಸಾದೇನೂ ಇಲ್ಲ ತಂಗಿ ಇದರಾಗ. ನಮ್ಮ ಫಾರಂ ಕದ್ದಾರ” ಎನ್ನುತ್ತಿದ್ದರು.

ಫಾರಂ ಎಂದರೆ ವೈರ್‌ಲೆಸ್ ಸಂದೇಶ ಬರೆಯುವ ಹಳದಿ ಹಾಳೆ. ಮೇಲೆ ಐದು ಮನೆ: ಎಲ್ಲಿಂದ, ಎಲ್ಲಿಗೆ, ಹೊತ್ತು, ಹೇಳಿದವರು, ಪದಗಳು. ಅದರ ಕೆಳಗೆ ಒಂದು ಗೆರೆ ಖಾಲಿ, ಆಮೇಲೆ ಸುದ್ದಿ. ‘ಪದಗಳು’ ಎಂಬ ಮನೆಯಲ್ಲಿ ಸುದ್ದಿಯಲ್ಲಿ ಎಷ್ಟು ಪದ ಇದೆ ಎಂದು ಮೊದಲೇ ಬರೆಯಬೇಕು. ಸರ್ವರ್ ಕೂಡ ತನ್ನ ಉತ್ತರದ ತಲೆಯಲ್ಲಿ ಒಡಲು ಎಷ್ಟು ಉದ್ದ ಎಂದು ಮೊದಲೇ ಹೇಳಿಬಿಡುತ್ತದೆ. ಹೇಳಿದಷ್ಟು ಬಂದರೆ ಸರಿ. ಕಡಿಮೆ ಬಂದರೆ ದಾರಿಯಲ್ಲಿ ಏನೋ ಕಳೆದಿದೆ ಎಂದರ್ಥ. ಅಂಥಾ ಸಂದೇಶ ಬಂದರೆ ಆಪರೇಟರ್ ಮಾಡಬೇಕಾದದ್ದು ಒಂದೇ. ಮತ್ತೆ ಕೇಳಬೇಕು.

ಈ ಹಟ ಅವರಿಗೆ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂದೇಶದ ತಲೆಯಲ್ಲಿ ಹೊತ್ತು ಬರೆದುಕೊಳ್ಳುವುದನ್ನು ಮರೆತಿದ್ದರಂತೆ. ಡ್ಯಾಂನವರು ನಿನ್ನೆಯ ಸುದ್ದಿಯನ್ನು ಇವತ್ತಿನದೆಂದು ತಿಳಿದು ಕಾಲುವೆಯ ಗೇಟು ಎತ್ತಿದರು. ಕಂಪ್ಲಿ ಹತ್ತಿರದ ಒಬ್ಬ ರೈತರ ಭತ್ತದ ಸಸಿಮಡಿ ಪೂರ್ತಿ ಮುಳುಗಿತು. ಯಾರೂ ಇವರ ಹೆಸರು ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಇವರೇ ಸೈಕಲ್ ತುಳಿದುಕೊಂಡು ಹೋಗಿ, “ಹೊತ್ತು ಬರಕೊಳ್ಳಲಿಲ್ಲ, ತಪ್ಪು ನಂದೈತ್ರಿ” ಎಂದರು. ಆ ರೈತರು ಬೈಯಬೇಕೋ ಕೂರಿಸಬೇಕೋ ತಿಳಿಯದೆ ನಿಂತರಂತೆ. ಸರ್ ಎಂಟು ದಿನ ರಜೆ ಹಾಕಿ ಅವರ ಗದ್ದೆಯಲ್ಲಿ ಮತ್ತೆ ಮಡಿ ಕಟ್ಟಿ ಬೀಜ ಚೆಲ್ಲುವವರೆಗೂ ಕೆಸರಲ್ಲಿದ್ದರು. ನಮ್ಮ ಮಾಲೀಕರು ಆ ರೈತರ ಮಗ. ಇಂಟರ್‌ನೆಟ್ ಇಲ್ಲದ ಊರಲ್ಲಿ ಇಂಟರ್‌ನೆಟ್ ಮೇಷ್ಟ್ರನ್ನು ಇಟ್ಟುಕೊಂಡದ್ದಕ್ಕೆ ಕಾರಣ ಅದು.

ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಯಾವ ಚೀಟಿ ಕೊಟ್ಟರೂ ಮೊದಲು ಪದ ಎಣಿಸಿ ಕೆಂಪು ಗುರುತು ಹಾಕುತ್ತಿದ್ದರು, ಓದುವುದು ಆಮೇಲೆ. ನನ್ನ ರಜೆ ಅರ್ಜಿಯನ್ನೂ ಎಣಿಸಿದ್ದರು. ತಪ್ಪಿದ್ದರೆ ಒಂದೇ ಗೆರೆ ಹೊಡೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು. ಕೆರೆದು ಅಳಿಸಿದರೆ ಸಿಟ್ಟು. “ಒಡಲು ಸುಳ್ಳು ಹೇಳಬೌದು ತಂಗಿ. ತಲಿ ಹೇಳಂಗಿಲ್ಲ. ಅದಕ್ಕ ತಲಿ ನೋಡದ ಒಡಲು ಮುಟ್ಟಬ್ಯಾಡ.”

ಅವರ ಮೊದಲ ಬ್ಯಾಚು ಒಂಬತ್ತು ಹುಡುಗಿಯರು. ಕಡ್ಡಿರಾಂಪುರದಿಂದ ಇಬ್ಬರು, ಸಂಡೂರಿನಿಂದ ಒಬ್ಬಳು, ಉಳಿದವರು ಊರಿನವರೇ. ಲೈನ್ ಇಲ್ಲದ ಕಾರಣ ಸರ್ ಕೋಣೆಯ ನಡುವೆ ಒಂದು ಹಳೆಯ ಇಳಕಲ್ ಸೀರೆ ಕಟ್ಟಿದರು. ಆಚೆ ನಾಲ್ವರು ಸರ್ವರ್, ಈಚೆ ಐವರು ಬ್ರೌಸರ್. ಈಚೆಯವರು ಹಳದಿ ಫಾರಂನಲ್ಲಿ ತಲೆ ತುಂಬಿ ಸೀರೆಯ ಕೆಳಗೆ ತೂರಿಸಬೇಕು. ಆಚೆಯವರು ಅದನ್ನು ಓದಿ ಉತ್ತರ ಬರೆದು ಕಳಿಸಬೇಕು. ಕೆಳಗೆ ಖಾಲಿ ಸಾಲು ಬಿಡುವುದನ್ನು ಮರೆತರೆ ಆಚೆಯವರು ಬಾಯಿ ಬಿಡಕೂಡದು. ಒಂದು ಸಲ ಸಂಡೂರಿನ ಹುಡುಗಿ ಮರೆತು, ಎರಡೂ ಕಡೆಯವರು ಕಾಲು ಗಂಟೆ ಹಾಗೇ ಕೂತಿದ್ದರು. ಸರ್ ನಗುತ್ತಾ ನಿಂತಿದ್ದರು. “ಹಿಂಗ ಆಗತತಿ. ಅವಾ ಹೇಳ್ಲಿ ಅಂತ ಇವಾ, ಇವಾ ಹೇಳ್ಲಿ ಅಂತ ಅವಾ.”

ಆ ಸೀರೆ ಅವರ ಹೆಂಡತಿಯದು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಮಧ್ಯಾಹ್ನ ಡ್ಯಾಂನಿಂದ ಬುತ್ತಿ ಹಿಡಿದು ಬಸ್ಸಿನಲ್ಲಿ ಬಂದು, ಸೀರೆಯ ಆಚೆ ಹುಡುಗಿಯರ ನಡುವೆ ಕೂತು ಆಟ ನೋಡುತ್ತಿದ್ದರು. ಒಂದು ದಿನ ಅಲ್ಲಿಂದಲೇ ಕೇಳಿದರು.

“ರೀ, ಅವರು ಕೇಳಿದ್ದು ನನ್ನ ಹತ್ರ ಇಲ್ಲಂದ್ರ?”

“ನಾಕನೂರ ನಾಕು ಅಂತ ಬರಿ. ಸಿಗಲಿಲ್ಲ ಅಂತ ಅರ್ಥ.”

“ಐತಿ, ಕೊಡಾಕ ಮನಸಿಲ್ಲ?”

“ನಾಕನೂರ ಮೂರು.”

“ನೀವು ಮದ್ಲ ಒಯ್ದೀರಿ, ಅದ ಐತಿ, ಏನೂ ಬದಲಾಗಿಲ್ಲಂದ್ರ?”

ಸರ್ ಮುಖ ಅರಳಿತು. ಅವರಿಗೆ ಭಾಳ ಪ್ರೀತಿಯ ಉತ್ತರ ಅದು. ಬ್ರೌಸರ್ ಒಮ್ಮೆ ತಂದದ್ದನ್ನು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ಮತ್ತೆ ಹೋದಾಗ, ‘ಇಂಥಾ ಹೊತ್ತಿನಿಂದ ಈಚೆಗೆ ಬದಲಾಗಿದ್ದರೆ ಮಾತ್ರ ಕೊಡು’ ಎಂದು ತಲೆಯಲ್ಲಿ ಬರೆಯುತ್ತದೆ. ಬದಲಾಗದಿದ್ದರೆ ಸರ್ವರ್ ಒಡಲು ಕಳಿಸುವುದೇ ಇಲ್ಲ. ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. “ಮುನ್ನೂರ ನಾಕು. ನಿನ್ನ ಹತ್ರ ಇರೋದ ಖರೇ, ಅದನ್ನ ಇಟ್ಕೊ ಅಂತ ಅರ್ಥ” ಎಂದರು.

“ಮತ್ತ ನಾ ಸುಳ್ಳ ಹೇಳಿದ್ರ?”

ಹುಡುಗಿಯರು ನಕ್ಕರು. ಸರ್ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡರು. “ಅದಕ್ಕ ನಂಬರ್ ಕೊಟ್ಟಿಲ್ಲ” ಎಂದರು.

ಅದೇ ವರ್ಷ ಅಕ್ಕ ಮಲಗಿದರು. ಬಳ್ಳಾರಿಯ ಒಂದು ಆಸ್ಪತ್ರೆಗೆ ಸೇರಿಸಿದರು. ಅವರ ತಂಗಿಯ ಮನೆ ಬಳ್ಳಾರಿಯಲ್ಲೇ ಇದ್ದುದರಿಂದ ಹಗಲೂ ರಾತ್ರಿ ನೋಡಿಕೊಳ್ಳಲು ಅವರಿದ್ದರು. ಸರ್ ಭಾನುವಾರ ಹೋಗಿ ಬರುತ್ತಿದ್ದರು. ಉಳಿದ ದಿನ ಕ್ಲಾಸು ಬಿಡಬಾರದೆಂದು ಅಕ್ಕನದೇ ಕಟ್ಟಪ್ಪಣೆ. ಸಂಜೆ ಫೋನ್ ಮಾಡಿ ಕೇಳೋಣವೆಂದರೆ ಸರ್‌ಗೆ ಫೋನಿನ ದನಿ ಕೇಳುತ್ತಿರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಅವರು ಹಳದಿ ಫಾರಂ ತುಂಬಿ ಕೊಡುತ್ತಿದ್ದರು. ‘ಭಾನುವಾರ ಸಂಜೆ ನಾಲ್ಕರಿಂದ ಈಚೆಗೆ ಬದಲಾವಣೆ ಇದ್ದರೆ ತಿಳಿಸಿ.’ ಭಾನುವಾರ ನಾಲ್ಕಕ್ಕೆ ಅವರು ಬಿಟ್ಟು ಬಂದ ಅಕ್ಕ ಹಾಸಿಗೆಯಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದರು. ಆ ಅಕ್ಕನನ್ನು ಸರ್ ವಾರವಿಡೀ ಇಟ್ಟುಕೊಂಡಿರುತ್ತಿದ್ದರು. ನಾನು ಕೆಳಗಿಳಿದು ಪಕ್ಕದ ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿ, ಅಕ್ಕನ ತಂಗಿ ಹೇಳಿದ್ದನ್ನು ಇನ್ನೊಂದು ಫಾರಂನಲ್ಲಿ ಬರೆದು ತಂದುಕೊಡುತ್ತಿದ್ದೆ. ಹೆಚ್ಚಿನ ದಿನ ಉತ್ತರ ಒಂದೇ ಪದ, ‘ಬದಲಾಗಿಲ್ಲ’. ಸರ್ ಎಣಿಸಿ ಕೆಂಪು ಗುರುತು ಹಾಕಿ ಫೈಲಿಗೆ ಸೇರಿಸುತ್ತಿದ್ದರು. “ಹಂಗಂದ್ರ ನನ್ನ ಹತ್ರ ಇರೋದ ಖರೇ” ಎನ್ನುತ್ತಿದ್ದರು.

ಆಗಲೇ ನಮ್ಮ ಲೈನ್ ಮಂಜೂರಾಗಿ ಬಂತು. ಒಂದು ಗುರುವಾರಕ್ಕೆ ದಿನ ಗೊತ್ತಾಯಿತು. ಸೀರೆಯ ಆಟ ಸಾಕು, ಹುಡುಗಿಯರು ತಮ್ಮ ಕೈಯಾರೆ ತಲೆ ಟೈಪು ಮಾಡಿ ನಿಜವಾದ ಸರ್ವರನ್ನು ಮಾತಾಡಿಸಬೇಕು. ಸರ್ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಹಿಂದಿನ ದಿನ, ಬುಧವಾರ ಸಂಜೆ, ನಾನು ಫೋನ್ ಮಾಡಿದಾಗ ಅಕ್ಕನ ತಂಗಿ ಅಳುತ್ತಿದ್ದರು. “ಬೆಳಗ್ಗಿಂದ ಭಾಳ ಜಾಸ್ತಿ ಆಗೇತವಾ. ಉಸಿರು ಸಿಗವಲ್ದು. ಲಗೂನ ಕಳಿಸು ಅವರನ್ನ.” ಆದರೂ ಅಭ್ಯಾಸ ನೋಡಿ, ಮೊದಲು ತಲೆಯನ್ನೇ ತುಂಬಿದೆ. ಬಳ್ಳಾರಿಯಿಂದ, ಹೊಸಪೇಟೆಗೆ, ಐದೂವರೆ, ಹೇಳಿದವರು ತಂಗಿ. ಬರೆಯಬೇಕಾದ ಮಾತು ಮನಸ್ಸಿನಲ್ಲಿ ಸಿದ್ಧವಾಗಿತ್ತು. ‘ಹೆಚ್ಚಾಗಿದೆ. ಕೂಡಲೇ ಹೊರಟು ಬನ್ನಿ.’ ಪದಗಳ ಮನೆಯನ್ನೂ ತುಂಬಿದೆ. ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿತು.

“ತಂಗಿ, ನಾನು.” ಅಕ್ಕನ ದನಿ. ಎರಡೆರಡು ಪದಕ್ಕೆ ನಿಲ್ಲುತ್ತಿದ್ದರು. “ನಾಳಿ ಹುಡುಗೀರದು ಐತಲ್ಲ. ಅದು ಮುಗೀಲಿ. ನಾಳಿ ಸಂಜೀಗೆ ಕಳಿಸು.”

“ಅಕ್ಕಾ, ಅವರಿಗೆ ಹೇಳದ ಹೆಂಗಿರ್ಲಿ?”

“ಇಪ್ಪತ್ತೈದು ವರ್ಷ ಬರೇ ನೀರಿನ ಲೆಕ್ಕಾ ಹೇಳ್ಯಾರ ಅವರು. ಇದೊಂದ ಅವರ ಮನಸಿಂದು. ಬದಲಾಗಿಲ್ಲ ಅಂತ ಬರಿ. ನನ್ನಾಣಿ ಐತಿ.”

ಫೋನು ಇಟ್ಟರು. ನಾನು ಬೂತಿನಲ್ಲೇ ನಿಂತು ‘ಬದಲಾಗಿಲ್ಲ’ ಎಂದು ಬರೆದೆ. ಒಂದು ದಿನದ ಮಾತಲ್ಲವೇ, ನಾಳೆ ಸಂಜೆ ಕಳಿಸಿದರಾಯಿತು ಎಂದುಕೊಂಡೆ. ನನಗೆ ಇಪ್ಪತ್ತಮೂರು ವಯಸ್ಸು. ಸಾಯುವವರು ಹೇಳಿದ ಹೊತ್ತಿನವರೆಗೂ ಕಾಯುತ್ತಾರೆ ಎಂದು ನಂಬುವಷ್ಟು ದಡ್ಡಿ.

ಮೇಲೆ ಬಂದು ಫಾರಂ ಕೊಟ್ಟೆ. ಸರ್ ಕನ್ನಡಕ ಏರಿಸಿ ನೋಡಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು ಎಂದು ಈಗ ಅನಿಸುತ್ತದೆ. ಆಗ ನಾನು ನೆಲ ನೋಡುತ್ತಿದ್ದೆ. ಪೆನ್ಸಿಲ್ ಕಿವಿಯ ಮೇಲೇ ಇತ್ತು. ಫೈಲಿಗೆ ಸೇರಿಸಿ, “ಮೋಡೆಮ್ಮಿನ ವಾಯರ್ ಇನ್ನೊಮ್ಮೆ ನೋಡಬೇಕು” ಎಂದು ಎದ್ದು ಹೋದರು.

ಗುರುವಾರ ಹನ್ನೊಂದಕ್ಕೆ ಲೈನು ಸಿಕ್ಕಿತು. ಮೋಡೆಮ್ ಕಿರುಚುವಾಗ ಸರ್ ಅದರ ಮೇಲೆ ಅಂಗೈ ಇಟ್ಟಿದ್ದರು. ಕೇಳದಿದ್ದರೂ ಕೈಗೆ ತಿಳಿಯುತ್ತದಂತೆ. ಸಂಡೂರಿನ ಹುಡುಗಿ ಒಂದೊಂದೇ ಅಕ್ಷರ ಒತ್ತಿ ತಲೆ ತುಂಬಿದಳು. ಖಾಲಿ ಸಾಲು ಬಿಟ್ಟಳು. ಪರದೆಯ ಮೇಲೆ, ಕೇಳಿದ್ದು ಸಿಕ್ಕಿತು ಎಂದು ಹೇಳುವ ಇನ್ನೂರು ಎಂಬ ಸಂಖ್ಯೆ ಬಂತು, ಅದರ ಕೆಳಗೆ ಹೊತ್ತು, ಉದ್ದ, ಕೊನೆಯ ಸಲ ಯಾವಾಗ ಬದಲಾಯಿತು ಎಂಬ ಸಾಲು. ಎಲ್ಲಿಯದೋ ಒಂದು ಯಂತ್ರ ನಮ್ಮ ಗೊಬ್ಬರದಂಗಡಿಯ ಮಹಡಿಗೆ ಉತ್ತರ ಕೊಟ್ಟಿತ್ತು. ಹುಡುಗಿಯರು ಕುಣಿದರು. ಒಡಲು ಸರಸರ ಇಳಿಯತೊಡಗಿದಾಗ ಸರ್ ಕುರ್ಚಿ ಹಿಂದಕ್ಕೆ ತಳ್ಳಿ, “ನನಗ ತಲಿ ಕಂಡ್ವು, ಸಾಕು. ಒಡಲು ನೀವು ಓದಿಕೋರಿ” ಎಂದರು. ಕಣ್ಣು ಒರೆಸಿಕೊಂಡರು.

ಆಮೇಲೆ ಒಂದು ಫಾರಂ ಬರೆದು ನನ್ನ ಕೈಗಿತ್ತರು. ‘ಹುಡುಗಿಯರು ಮಾತಾಡಿಸಿದರು. ಉತ್ತರ ಬಂತು. ಹೊರಟಿದ್ದೇನೆ.’ ಅಂದರೆ ಸಂಜೆಯವರೆಗೂ ಅವರು ಕಾಯುವವರಿರಲಿಲ್ಲ. ನಾನು ಓಡಿ ಹೋಗಿ ಫೋನ್ ಮಾಡಿದೆ.

“ಅರ್ಧ ತಾಸಾತವಾ” ಎಂದರು ಅಕ್ಕನ ತಂಗಿ. “ಕಣ್ಣು ಮುಚ್ಚೂಮಟ ಕೇಳಿದಳು, ಹುಡುಗೀರದು ಆತೇನು ಅಂತ.”

ಉತ್ತರದ ಫಾರಂ ಕೈಯಲ್ಲಿತ್ತು. ಈ ಸಲ ತಲೆಯನ್ನೂ ತುಂಬಲಾಗಲಿಲ್ಲ. ಖಾಲಿ ಹಾಳೆಯನ್ನೇ ತಂದು ಸರ್ ಮುಂದೆ ಹಿಡಿದೆ. ಅವರು ತೆಗೆದುಕೊಂಡು ಒಂದು ಸಲ ನೋಡಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. “ಬಳ್ಳಾರಿ ಬಸ್ ಎಷ್ಟೊತ್ತಿಗೈತಿ ತಂಗಿ?” ಎಂದು ಕೇಳಿದರು. ಹಿಂದೆ ಹುಡುಗಿಯರು ಇನ್ನೂ ಕುಣಿಯುತ್ತಿದ್ದರು.

ಅದಾದ ಮೇಲೆ ಎರಡು ಬ್ಯಾಚು ಕಲಿಸಿ ಬಿಟ್ಟುಬಿಟ್ಟರು. ನಾನು ಮದುವೆಯಾಗಿ ಹೊಸಪೇಟೆಯಲ್ಲೇ ಉಳಿದೆ. ವರ್ಷಕ್ಕೆ ಒಂದೆರಡು ಸಲ ಅವರು ಮನೆಗೆ ಬರುತ್ತಿದ್ದರು. ಹೊಸ್ತಿಲಲ್ಲಿ ನಿಂತು ವಿವರ ಒಪ್ಪಿಸುವುದು ನಿಂತುಹೋಗಿತ್ತು. ಏನು ತಗೋತೀರಿ ಸರ್ ಎಂದರೆ, “ಏನರ” ಎನ್ನುತ್ತಿದ್ದರು. ಸಕ್ಕರೆ ಹಾಕಿದ ಚಹಾ ಕೊಟ್ಟರೂ ಕುಡಿದುಬಿಡುತ್ತಿದ್ದರು. ಏನು ಕೊಟ್ಟರೂ ನಡೆಯುತ್ತದೆ ಎನ್ನುವ ಸ್ಥಿತಿಗೆ ಅವರನ್ನು ತಂದವಳು ನಾನೇ ಎಂದು ನನಗೆ ಪ್ರತಿ ಸಲವೂ ಅನಿಸುತ್ತಿತ್ತು.

ಎರಡು ಸಲ ಹೇಳಲು ಹೋದೆ. “ಸರ್, ಆ ಬುಧವಾರ...” ಎನ್ನುತ್ತಿದ್ದಂತೆ ಅವರು ಕಿವಿಯ ಮಷಿನ್ ತೆಗೆದು ಅಂಗಿಯಿಂದ ಒರೆಸತೊಡಗಿದರು. ಎರಡನೆಯ ಸಲವೂ ಹಾಗೇ. ನನ್ನ ಬಾಯಿಂದ ಅದನ್ನು ಕೇಳಲಿಕ್ಕೂ ಮನಸ್ಸಿಲ್ಲ, ಅಷ್ಟು ಸಿಟ್ಟಿದೆ ಎಂದು ತಿಳಿದೆ. ಮೂರನೆಯ ಸಲ ಧೈರ್ಯ ಬರಲಿಲ್ಲ. ಇಪ್ಪತ್ತು ವರ್ಷ ಹೀಗೇ ಹೋಯಿತು.

ಮೊನ್ನೆ ಅಕ್ಕನ ತಂಗಿ ಬಳ್ಳಾರಿಯಿಂದ ಬಂದಿದ್ದರು. ಅವರಿಗೂ ಈಗ ವಯಸ್ಸಾಗಿದೆ. ಸರ್ ಮನೆ ಖಾಲಿ ಮಾಡುವಾಗ ಸಿಕ್ಕಿತೆಂದು ಒಂದು ಫೈಲು ತಂದಿದ್ದರು. ಮೇಲೆ ನನ್ನ ಹೆಸರು ಬರೆದಿತ್ತು. ಒಳಗೆ ಆ ಹಳದಿ ಫಾರಂಗಳು, ತಾರೀಖಿನ ಪ್ರಕಾರ. ಎಲ್ಲದರ ಮೇಲೂ ಕೆಂಪು ಗುರುತು. ಬುಧವಾರದ್ದಕ್ಕೆ ಮಾತ್ರ ಇಲ್ಲ.

ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನದೇ ಅಕ್ಷರ. ತಲೆಯಲ್ಲಿ ‘ಪದಗಳು: ನಾಲ್ಕು’ ಎಂದಿದೆ. ಒಡಲಿನಲ್ಲಿ ಒಂದೇ ಪದ. ಅವಸರದಲ್ಲಿ ಮೇಲಿನದನ್ನು ತಿದ್ದುವುದನ್ನು ನಾನು ಮರೆತಿದ್ದೆ. ಇಷ್ಟು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಸರ್ ಅಕ್ಷರದಲ್ಲಿ ಹೀಗೆ ಬರೆದಿತ್ತು:

‘ಅಂದೇ ಕಂಡಿತ್ತು. ಮೂರು ಪದ ಕಡಿಮೆ. ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ.’

“ಏನ ಬರದಾರವಾ?” ಎಂದರು ಅಕ್ಕನ ತಂಗಿ. ಓದಿ ಹೇಳಿದೆ.

ಯಾಕೆ ಕೇಳಲಿಲ್ಲವೋ. ಉತ್ತರಕ್ಕೆ ಹೆದರಿದರೋ, ಅವರಿಗೂ ಆ ಗುರುವಾರ ಬೇಕೆನಿಸಿತೋ. ಒಂದು ಮಾತು ಮರೆತದ್ದಕ್ಕೆ ಎಂಟು ದಿನ ಕೆಸರು ತುಳಿದ ಮನುಷ್ಯ, ಇದನ್ನು ಯಾರ ಗದ್ದೆಯಲ್ಲಿ ತೀರಿಸಬೇಕಿತ್ತು? ಅವರು ಕಿವಿಯ ಮಷಿನ್ ತೆಗೆಯುತ್ತಿದ್ದದ್ದು ನನ್ನ ಮೇಲಿನ ಸಿಟ್ಟಿಗಲ್ಲ. ನಾನು ಕ್ಷಮೆ ಕೇಳಿದರೆ, ಕಂಡೂ ಕೇಳದೆ ಬಿಟ್ಟದ್ದನ್ನು ಅವರೂ ಹೇಳಬೇಕಾಗುತ್ತಿತ್ತು. ಅವರು ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವರು ಎನ್ನಲೂ ಬಾರದ ಹಾಗೆ ಇಬ್ಬರೂ ಬಾಯಿ ಕಟ್ಟಿಕೊಂಡು ಚಹಾ ಕುಡಿದೆವು.

ಅಕ್ಕನ ತಂಗಿ ಬಳ್ಳಾರಿಗೆ ಹೊರಟ ಮೇಲೆ ಪೆನ್ನು ತೆಗೆದುಕೊಂಡು ಕೂತೆ. ‘ಬದಲಾಗಿಲ್ಲ’ ಎಂಬುದಕ್ಕೆ ಒಂದೇ ಗೆರೆ ಹೊಡೆದೆ. ಪಕ್ಕದಲ್ಲಿ ‘ಹೆಚ್ಚಾಗಿದೆ. ಕೂಡಲೇ ಹೊರಟು ಬನ್ನಿ’ ಎಂದು ಬರೆದು ಸಹಿ ಮಾಡಿದೆ. ಪದಗಳು ನಾಲ್ಕು. ಲೆಕ್ಕ ಈಗ ಸರಿಯಾಗಿದೆ. ಎಣಿಸಿ ಕೆಂಪು ಗುರುತು ಹಾಕುವವರಿಲ್ಲ.